ಸೇನೆಗೆ ಆಯ್ಕೆಯಾಗದವರು ದೇಶಕ್ಕಾಗಿ ಏನು ಮಾಡಬಹುದು?

ಭರ್ತಿಯ ಮೆಡಿಕಲ್‌ನಲ್ಲಿ ಹೊರಬಿದ್ದಿರಿ, ಈಗ ಬೆಂಗಳೂರಲ್ಲಿ ನೌಕರಿ, ದೇಶಕ್ಕಾಗಿ ಏನೂ ಮಾಡಲಿಲ್ಲವೆಂಬ ಕೊರಗು. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನ್ನ ಇಪ್ಪತ್ತರ ಪ್ರಾಯ ಕಣ್ಣಮುಂದೆ ಬಂತು. ಬೆಳಗಾವಿಯ ಭರ್ತಿಗೆ ಹೋದವನು ನಾನೂ. ಓಟದಲ್ಲಿ ಪಾಸಾದೆ, ಬಣ್ಣಗುರುಡು ಅಂತ ಮೆಡಿಕಲ್‌ನಲ್ಲಿ ವಾಪಸ್ ಕಳಿಸಿದರು.

ಆ ನೋವನ್ನು ನಾನು ಊರಿನ ಧ್ವಜಾರೋಹಣದಲ್ಲಿ ಕಳೆದುಕೊಳ್ಳಲು ನೋಡಿದೆ. ನಮ್ಮದು ಧಾರವಾಡ ಜಿಲ್ಲೆ. ಧ್ವಜದ ಖಾದಿ ನೇಯುವ ಗರಗ ನಮ್ಮ ಜಿಲ್ಲೆಯದು, ಧ್ವಜ ಹೊಲಿಯುವ ಹುಬ್ಬಳ್ಳಿಯ ಬೆಂಗೇರಿಯೂ ನಮ್ಮದೇ. ಯುವಕ ಸಂಘದ ಧ್ವಜವನ್ನು ನಾನೇ ಬೆಂಗೇರಿಯಿಂದ ತರುತ್ತಿದ್ದೆ. ಮೂರಕ್ಕೆ ಎರಡರ ಅಳತೆ ಸರಿಯಿದೆಯೇ, ಕೇಸರಿ ಮೇಲಿದೆಯೇ ಎಂದು ನೋಡಿ, ಬಣ್ಣ ತಿಳಿಯದ ನನ್ನ ಕಣ್ಣಿಗೆ ನಂಬಿಕೆ ಸಾಲದೆ ಇನ್ನೊಬ್ಬರಿಂದಲೂ ನೋಡಿಸುತ್ತಿದ್ದೆ. ಆ ಪ್ರೀತಿ ಇವತ್ತಿಗೂ ಇದೆ, ಅದರ ಬಗ್ಗೆ ನನಗೆ ಸಂಕೋಚವಿಲ್ಲ.

ತಪ್ಪಾದದ್ದು ಬೇರೆ ಕಡೆ. ಒಂದು ಸಂಜೆ ಪಂಚಾಯ್ತಿಯ ಹುಡುಗ ನನ್ನ ಅಂಗಡಿಗೆ ಪುಸ್ತಕ ಹಿಡಿದು ಬಂದ. "ಗ್ರಾಮಸಭಾದ್ದು, ಇಲ್ಲೊಂದು ಸಹಿ ಮಾಡ್ರಿ ಅಣ್ಣಾರ" ಅಂದ. ಗಿರಾಕಿ ನಿಂತಿದ್ದರು. ಸಹಿ ಹಾಕಿ ಕಳಿಸಿದೆ. ಸಭೆ ಎಲ್ಲಿ ನಡೆಯಿತು, ಏನು ತೀರ್ಮಾನವಾಯಿತು, ಒಂದನ್ನೂ ಕೇಳಲಿಲ್ಲ.

ಆ ಸಹಿಯಿಂದ ಏನೇನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಲೇಬೇಕು, ಯಾಕಂದರೆ ನಮ್ಮಲ್ಲಿ ಹೆಚ್ಚಿನವರು ಇದನ್ನು ಪಾರ್ಸೆಲ್ ತಗೊಂಡಾಗ ಹಾಕುವ ಸಹಿಯ ಹಾಗೆ ನೋಡುತ್ತಾರೆ. ಗ್ರಾಮಸಭೆ ಅಂದರೆ ಪಂಚಾಯ್ತಿ ಸದಸ್ಯರ ಸಭೆಯಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರೇ. 73ನೇ ತಿದ್ದುಪಡಿಯಿಂದ ಅದಕ್ಕೆ ಸಂವಿಧಾನದ ಬಲವಿದೆ, 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಅದರ ಕೆಲಸವೇನೆಂದು ಬರೆದಿದೆ. ಮನೆ ಯಾರಿಗೆ ಮಂಜೂರಾಗಬೇಕು ಎಂಬ ಫಲಾನುಭವಿಗಳ ಪಟ್ಟಿ ಅಲ್ಲಿ ಒಪ್ಪಿಗೆಯಾಗಬೇಕು. ಸಭೆಗೆ ಕೋರಂ ಬೇಕು, ಅಂದರೆ ಇಷ್ಟು ಜನರಾದರೂ ಹಾಜರಿರಬೇಕು. ಕೋರಂ ತೋರಿಸುವುದು ಹಾಜರಾತಿ ಪುಸ್ತಕ. ಅಂಗಡಿಯಲ್ಲಿ ನಿಂತು ಹಾಕಿದ ನನ್ನ ಸಹಿ ನನ್ನನ್ನು ಸಭೆಯಲ್ಲಿ ಕೂರಿಸಿತು. ಬರೇ ಕೂರಿಸಲಿಲ್ಲ, ಬಾಯಿ ಮುಚ್ಚಿಸಿ ಕೂರಿಸಿತು. "ಸರ್ವಾನುಮತದಿಂದ ಒಪ್ಪಲಾಯಿತು" ಎಂದು ನಡಾವಳಿಯಲ್ಲಿ ಬರೆದರಲ್ಲ, ಆ ಸರ್ವರಲ್ಲಿ ನಾನೂ ಒಬ್ಬನಾದೆ. ಮುಂದೆ ಯಾರಾದರೂ ತಕರಾರು ತೆಗೆದರೆ, ಹಾಜರಿದ್ದವರು ಯಾಕೆ ಆಕ್ಷೇಪಿಸಲಿಲ್ಲ ಎಂಬ ಉತ್ತರ ಪುಸ್ತಕದಲ್ಲೇ ಸಿದ್ಧವಾಗಿರುತ್ತದೆ.

ನಮ್ಮೂರಿಗೆ ಹೊಂದಿಕೊಂಡು ಲಂಬಾಣಿ ತಾಂಡಾ ಇದೆ. ಅಲ್ಲಿಯ ಗೆಳೆಯ ಮತ್ತು ನಾನು ಒಂದೇ ಬೆಂಚಿನಲ್ಲಿ ಕೂತು ಓದಿದವರು, ಭರ್ತಿಗೂ ಒಟ್ಟಿಗೇ ಓಡಿದವರು. ಅವನ ತಾಯಿಯ ಮನೆಯ ಗೋಡೆ ಮಳೆಗೆ ಕುಸಿದಿತ್ತು. ವಾರ್ಡ್ ಸಭೆಯಲ್ಲಿ ಹೆಸರು ಬರೆಸಿದ್ದರು. ಅಂತಿಮ ಪಟ್ಟಿಯಲ್ಲಿ ಆ ಹೆಸರು ಇರಲಿಲ್ಲ. ತಾಂಡಾದ ಅರ್ಧಕ್ಕರ್ಧ ಮಂದಿ ಆಗ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದರಿಂದ ಕೇಳುವವರೂ ಇರಲಿಲ್ಲ.

ಅವನ ಜೊತೆ ತಾಲ್ಲೂಕು ಕಚೇರಿಗೆ ನಾನೇ ಮುಂದಾಗಿ ಹೋದೆ, ದನಿ ಏರಿಸಿ ಮಾತಾಡಿದೆ. ಅಲ್ಲಿದ್ದವರು ಪುಸ್ತಕ ತೆರೆದು ನನ್ನ ಕಡೆ ತಿರುಗಿಸಿದರು. "ನಿಮ್ಮ ಸಹೀನೂ ಐತಲ್ಲರೀ ಇಲ್ಲೆ." ಗೆಳೆಯ ಬಗ್ಗಿ ನೋಡಿದ, ಒಂದು ಮಾತೂ ಆಡಲಿಲ್ಲ. ಆ ವರ್ಷ ಅವನ ತಾಯಿ ಮಳೆಗಾಲವನ್ನು ತಾಡಪತ್ರಿಯ ಕೆಳಗೇ ಕಳೆದಳು. ಆಗಸ್ಟ್ 15ಕ್ಕೆ ತಾಂಡಾದಿಂದ ಯಾರೂ ಧ್ವಜಾರೋಹಣಕ್ಕೆ ಬರಲಿಲ್ಲ. ಅವರನ್ನು ಕರೆಯಲು ನನಗೂ ಮುಖವಿರಲಿಲ್ಲ.

ಆಮೇಲೆ ಮಾಡಿದ್ದನ್ನು ಚುಟುಕಾಗಿ ಹೇಳುತ್ತೇನೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಠರಾವಿನ ದೃಢೀಕೃತ ನಕಲು ಕೇಳಿದೆ. 30 ದಿನಗಳೊಳಗೆ ಉತ್ತರ ಕೊಡಬೇಕೆಂದು ಕಾಯ್ದೆಯಲ್ಲಿದೆ, ಕೊಟ್ಟರು. ನಾನು ಸಭೆಗೆ ಹೋಗಿರಲಿಲ್ಲ ಎಂದು ನನ್ನ ಕೈಯಾರೆ ಬರೆದುಕೊಟ್ಟೆ. ಮುಂದಿನ ಗ್ರಾಮಸಭೆಯನ್ನು ದೀಪಾವಳಿಗೆ ತಾಂಡಾದವರು ಊರಿಗೆ ಬಂದಾಗಲೇ ಇಡಬೇಕೆಂದು ಅರ್ಜಿ ಕೊಟ್ಟೆವು. ಗೆಳೆಯನನ್ನು ಒಪ್ಪಿಸುವುದೇ ಕಷ್ಟವಾಗಿತ್ತು, ಕೊನೆಗೆ ಅವನ ತಾಯಿಯೇ ಹೊರಟು ನಿಂತಳು. ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ಒಂದು ದಿನದ ಕೂಲಿ ಬಿಟ್ಟು ಬಂದರು. ಸಭೆ ನೋಡಿಕೊಳ್ಳಲು ಬಂದ ನೋಡಲ್ ಅಧಿಕಾರಿಯ ಎದುರಿಗೇ ಠರಾವನ್ನು ಗಟ್ಟಿಯಾಗಿ ಓದಿಸಿದೆವು, ಓದಿದ ಮೇಲೆಯೇ ಸಹಿ ಮಾಡಿದೆವು. ಹೆಸರು ಪಟ್ಟಿಗೆ ಬಂತು. ಗೆಳೆತನ ಮೊದಲಿನಂತಾಗಲು ಇನ್ನೂ ಕಾಲ ಹಿಡಿಯಿತು.

ಈಗ ನಿಮ್ಮ ಪ್ರಶ್ನೆ. ಸೇನೆಗೆ ಹೋಗದ್ದಕ್ಕೆ ಬದಲಾಗಿ ಇನ್ನೇನು ಮಾಡಲಿ ಎಂದು ಕೇಳುತ್ತೀರಿ. ಬದಲು ಕೊಡಬೇಕಾದ್ದು ಏನೂ ಇಲ್ಲ, ಆ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಸಂವಿಧಾನದ 51ಎ ವಿಧಿ ಓದಿ. 1976ರಲ್ಲಿ ಹತ್ತು ಮೂಲಭೂತ ಕರ್ತವ್ಯಗಳನ್ನು ಸೇರಿಸಿದರು, 2002ರಲ್ಲಿ ಹನ್ನೊಂದನೆಯದು ಬಂತು. ಕರೆ ಬಂದಾಗ ದೇಶದ ರಕ್ಷಣೆಗೆ ನಿಲ್ಲುವುದು ಅದರಲ್ಲಿ ಒಂದು. ಧರ್ಮ, ಭಾಷೆ, ಪ್ರದೇಶಗಳ ಭೇದ ಮೀರಿ ಸೋದರಭಾವ ಬೆಳೆಸುವುದು, ಹೆಣ್ಣಿನ ಘನತೆಗೆ ಕುಂದು ತರುವ ಆಚರಣೆ ಬಿಡುವುದು, ಸಾರ್ವಜನಿಕ ಆಸ್ತಿ ಕಾಪಾಡುವುದು, ಕೆರೆ ಕಾಡು ಉಳಿಸುವುದು, ಇವೂ ಅದೇ ಪಟ್ಟಿಯಲ್ಲಿ ಅದೇ ಸಾಲಿನಲ್ಲಿವೆ. ಇವಕ್ಕೆ ಮೆಡಿಕಲ್ ಇಲ್ಲ. ನನ್ನ ಭಾಷೆ ಆಡದ, ನನ್ನ ಓಣಿಯಲ್ಲಿಲ್ಲದ ಒಬ್ಬ ಮುದುಕಿಯ ಹೆಸರು ಪಟ್ಟಿಯಿಂದ ಬಿದ್ದುಹೋದಾಗ ನಾನು ಸಭೆಯಲ್ಲಿರಬೇಕಿತ್ತು. ನನ್ನ ಪಾಲಿನ ಕೆಲಸ ಅದಾಗಿತ್ತು, ಅದಕ್ಕೆ ಸಮವಸ್ತ್ರ ಬೇಕಿರಲಿಲ್ಲ.

ರಕ್ತದಾನ ಮಾಡಿ, ಮತ ಹಾಕಿ ಎಂದು ಇಲ್ಲಿ ಬೇರೆಯವರು ಬರೆದಿದ್ದಾರೆ. ಒಳ್ಳೆಯದೇ. ಆದರೆ ಐದು ವರ್ಷಕ್ಕೊಮ್ಮೆ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಮನೆಗೆ ಹೋದರೆ ಸಾಲದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಿಮ್ಮ ಹೆಸರು ಈಗ ಯಾವ ಊರಿನ ಮತದಾರರ ಪಟ್ಟಿಯಲ್ಲಿದೆ ಎಂದು ಮೊದಲು ನೋಡಿ. ಹಳ್ಳಿಯಲ್ಲೇ ಇದ್ದರೆ ಪಿಡಿಒಗೆ (ಪಂಚಾಯತ್ ಅಭಿವೃದ್ಧಿ ಅಧಿಕಾರಿಗೆ) ಫೋನ್ ಮಾಡಿ ಮುಂದಿನ ಗ್ರಾಮಸಭೆಯ ತಾರೀಖು ಕೇಳಿ, ಜಾತ್ರೆಗೆ ರಜೆ ಹಾಕುವ ಹಾಗೆ ಅದಕ್ಕೂ ಹಾಕಿ. ಬೆಂಗಳೂರಲ್ಲೇ ನೆಲೆ ನಿಲ್ಲುವುದಾದರೆ ಫಾರಂ 8 ತುಂಬಿ ಹೆಸರು ವರ್ಗಾಯಿಸಿ ವಾರ್ಡ್ ಸಮಿತಿಯ ಸಭೆ ಹುಡುಕಿಕೊಂಡು ಹೋಗಿ. ಎರಡೂ ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ. ನನ್ನನ್ನು ಕೇಳಿದರೆ, ನಿಮ್ಮ ಮನೆಯ ಮುಂದಿನ ಗಟಾರ ಎಲ್ಲಿದೆಯೋ, ಹೆಸರೂ ಅಲ್ಲೇ ಇರಲಿ.