ಮಗಳ ಮದುವೆಯ ಕೊರಗಿಗೆ ತಾಯಿಗೆ ಕ್ಯಾನ್ಸರ್ ಬಂತಾ?

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಹುಡುಗಿಗೆ ಇಪ್ಪತ್ತಾರು. ಮನೆಯವರು ಬೇಡ ಅಂದರೂ ಬೇರೆ ಜಾತಿಯ ಹುಡುಗನನ್ನು ಮದುವೆಯಾದಳು. ವರ್ಷ ತುಂಬುವಷ್ಟರಲ್ಲಿ ತಾಯಿಯ ಕೆನ್ನೆಯ ಒಳಗಡೆ ಹುಣ್ಣು, ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್. ವಾರ್ಡಿನಲ್ಲೇ ಚಿಕ್ಕಮ್ಮ, "ನಿನ್ನ ಕೊರಗಿಗೇ ನಮ್ಮಕ್ಕ ಹಿಂಗಾದ್ಲು" ಅಂದುಬಿಟ್ಟರಂತೆ. ಅವತ್ತಿನಿಂದ ಇವಳಿಗೆ ಊಟ ಸೇರುತ್ತಿಲ್ಲ, ನಿದ್ದೆ ಹತ್ತುತ್ತಿಲ್ಲ.

"ನಾನೇ ಅಲ್ವಾ ಮೇಡಂ ಕಾರಣ?"

ಅಲ್ಲ ಕಣಮ್ಮ ಅಂದೆ. ಸುಮ್ನೆ ಸಮಾಧಾನಕ್ಕೆ ಹೇಳಿದ ಮಾತಲ್ಲ. ಫಿನ್ಲೆಂಡಿನಲ್ಲಿ 10,808 ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ 2003ರ ಅಧ್ಯಯನದಲ್ಲಿ ವಿಚ್ಛೇದನ, ಗಂಡನ ಸಾವು ಕಂಡವರಿಗೆ ಸ್ತನ ಕ್ಯಾನ್ಸರ್ ಸುಮಾರು ಎರಡು ಪಟ್ಟು ಕಂಡದ್ದು ನಿಜ, ಆದರೆ ಬ್ರಿಟನ್ನಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ನೋಡಿದ 2016ರ ಅಧ್ಯಯನದಲ್ಲಿ ಅಂಥ ನಂಟು ಒಟ್ಟಾರೆ ಗಟ್ಟಿಯಾಗಿ ಸಿಗಲಿಲ್ಲ. ಕೊರಗೇ ಕ್ಯಾನ್ಸರ್ ತರುತ್ತದೆ ಅಂತ ಯಾರ ಮೇಲೂ ಹೊರಿಸುವಷ್ಟು ಪುರಾವೆ ಇಲ್ಲ.

ಅವ್ವನ ಅಭ್ಯಾಸ ಏನೇನು ಅಂತ ಕೇಳಿದೆ. ಅವರ ಮದುವೆಯಾದಾಗಿನಿಂದ ಎಲೆ ಅಡಿಕೆ, ಜೊತೆಗೆ ಹೊಗೆಸೊಪ್ಪು. ಅಪ್ಪ ತೀರಿಕೊಂಡ ಮೇಲೆ ಸಂಚಿ ದಿಂಬಿನ ಕೆಳಗೇ ಇರುತ್ತಿತ್ತಂತೆ, ರಾತ್ರಿ ಹೊಗೆಸೊಪ್ಪನ್ನು ಎಡ ಕೆನ್ನೆಗೆ ಒತ್ತಿಟ್ಟುಕೊಂಡೇ ಮಲಗುತ್ತಿದ್ದರಂತೆ. ಹುಣ್ಣಾಗಿದ್ದೂ ಎಡ ಕೆನ್ನೆಯಲ್ಲೇ. ಹೊಗೆಸೊಪ್ಪು ಬಿಡಿ, ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ.

ದುಃಖ ಕೆಡಿಸುವುದು ಹೀಗೆ. ಕೈ ಸಂಚಿಗೆ ಹೋಗುತ್ತದೆ. ಹುಣ್ಣಾದರೆ ಉಷ್ಣ ಅಂತ ಮಜ್ಜಿಗೆ ಕುಡಿದು, ಮನೆ ಜಗಳದ ನಡುವೆ ಯಾರಿಗೂ ಹೇಳದೆ ತಿಂಗಳುಗಟ್ಟಲೆ ತಳ್ಳುತ್ತಾರೆ. ಬಾಯಿ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

"ಹಂಗಾದ್ರೆ ತಪ್ಪು ಅವ್ವಂದಾ?" ಅಂದಳು. ಅದೂ ಬೇಡ ಅಂದೆ. ಮದುವೆ ಮನೆಯಲ್ಲಿ ತಟ್ಟೆಯಲ್ಲಿಟ್ಟು ಕೊಡುವುದನ್ನು ವಿಷ ಅಂತ ಅವರಿಗೆ ಹೇಳಿದವರು ಯಾರು?

ಈಗ ಮಾಡಬೇಕಾದ್ದು ಹೇಳಿ ಕಳಿಸಿದೆ. "ಪಾಪ, ಅದೊಂದೇ ಅವಳಿಗೆ ಸಮಾಧಾನ" ಅಂತ ನೆಂಟರು ಕದ್ದು ಎಲೆ ಅಡಿಕೆ ತಂದುಕೊಡುವುದು ನಿಲ್ಲಬೇಕು, ಚಿಕಿತ್ಸೆ ನಡೆಯುವಾಗ ಬಿಟ್ಟರೂ ಲಾಭ ಇದೆ. ಬಿಡಿಸಲು ಕಷ್ಟವಾದರೆ ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡು, ಕರೆಗೆ ದುಡ್ಡು ಬೀಳಲ್ಲ. ಅವ್ವನ ಹತ್ತಿರ ಮದುವೆ ವಿಷಯ ನೀನೇ ಎತ್ತು, ಅವರು ಬೈದರೂ ಕೂತು ಕೇಳು. ಹದಿನೈದು ದಿನದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣೋಣ.

ಮುಂದಿನ ಸಲ ಚಿಕ್ಕಮ್ಮನನ್ನೂ ಕರೆದುಕೊಂಡು ಬಾ ಅಂದಿದ್ದೇನೆ. ಅವರೂ ಹೊಗೆಸೊಪ್ಪು ಹಾಕುತ್ತಾರಂತೆ, ಅವರ ಬಾಯನ್ನೂ ಒಮ್ಮೆ ಡಾಕ್ಟರಿಗೆ ತೋರಿಸಬೇಕು.