ಥೆಮಿಸ್ ಕಣ್ಣಿಗೆ ಬಟ್ಟೆ ಕಟ್ಟಿರಲಿಲ್ಲ

ಕಳೆದ ಸಂಚಿಕೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿದ ನ್ಯಾಯದೇವತೆಯ ಚಿತ್ರ ಹಾಕಿ, ಕೆಳಗೆ ‘ಗ್ರೀಕರ ಥೆಮಿಸ್’ ಎಂದು ಅಚ್ಚು ಮಾಡಿದ್ದೆವು. ಅದನ್ನು ನೋಡಿದ ಓದುಗರೊಬ್ಬರು ಕೇಳಿದ್ದಾರೆ: ‘ಥೆಮಿಸ್ ಕಣಿ ಹೇಳುವ ದೇವಿ ಎಂದು ಓದಿದ ನೆನಪು. ನ್ಯಾಯಕ್ಕೂ ಕಣಿಗೂ ಎತ್ತಣ ಸಂಬಂಧ? ಯಾವುದು ಸರಿ?’

ಎರಡೂ ಸರಿ. ತಪ್ಪಿದ್ದು ನಮ್ಮ ಚಿತ್ರ, ಕ್ಷಮಿಸಿ. ಕಣ್ಣಿಗೆ ಬಟ್ಟೆ ಕಟ್ಟುವ ರೂಢಿ ಯುರೋಪಿನಲ್ಲಿ ಕಾಣಿಸಿಕೊಂಡದ್ದು 15ನೇ ಶತಮಾನದ ಕೊನೆಗೆ.

ಗ್ರೀಕರು ಅವಳನ್ನು ಹೇಗೆ ಕಂಡರು ಎಂಬುದಕ್ಕೆ ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿ ಒಂದು ಮದ್ಯದ ಬಟ್ಟಲಿದೆ. ಕ್ರಿ.ಪೂ. 440ರ ಸುಮಾರಿನದು, ಇಟಲಿಯ ವುಲ್ಚಿಯಲ್ಲಿ ಸಿಕ್ಕಿದ್ದು. ಅದರ ಮೇಲಿನ ಚಿತ್ರದಲ್ಲಿ, ಮೂರು ಕಾಲಿನ ಎತ್ತರದ ಪೀಠದ ಮೇಲೆ, ತಲೆಗೆ ಸೆರಗು ಹೊದ್ದು ಥೆಮಿಸ್ ಕೂತಿದ್ದಾಳೆ. ಒಂದು ಕೈಯಲ್ಲಿ ಲಾರೆಲ್ ಚಿಗುರು, ಇನ್ನೊಂದರಲ್ಲಿ ಅಗಲ ಬಟ್ಟಲು. ಎದುರಿಗೆ ಮಕ್ಕಳಿಲ್ಲದ ಅಥೆನ್ಸಿನ ದೊರೆ ಈಜಿಯಸ್ ಉತ್ತರಕ್ಕಾಗಿ ನಿಂತಿದ್ದಾನೆ. ಅವಳ ನೋಟ ಅವನ ಮೇಲಿಲ್ಲ, ಕೈಯಲ್ಲಿರುವ ಬಟ್ಟಲಿನ ಒಳಗಿದೆ. ಆ ನೋಟಕ್ಕಾಗಿಯೇ ನನಗೆ ಈ ಚಿತ್ರ ತುಂಬಾ ಇಷ್ಟ.

ಗ್ರೀಸಿನ ಡೆಲ್ಫಿಯ ಕಣಿಪೀಠ ಅಪೊಲೊ ದೇವನದೆಂದೇ ಪ್ರಸಿದ್ಧಿ. ಆದರೆ ಕ್ರಿ.ಪೂ. 458ರಲ್ಲಿ ರಂಗಕ್ಕೆ ಬಂದ ಈಸ್ಕಿಲಸನ ನಾಟಕವೊಂದರಲ್ಲಿ ಅಲ್ಲಿನ ಪೂಜಾರಿಣಿ ಮೊದಲು ಭೂತಾಯಿ ಗಾಯಾಳನ್ನು ನೆನೆಯುತ್ತಾಳೆ, ಆಮೇಲೆ ಮಗಳು ಥೆಮಿಸಳನ್ನು, ಮೂರನೆಯದಾಗಿ ಗಾಯಾಳ ಇನ್ನೊಬ್ಬ ಮಗಳು ಫೀಬಿಯನ್ನು. ಆ ಪೀಠ ಅಪೊಲೊಗೆ ಫೀಬಿ ಕೊಟ್ಟ ಹುಟ್ಟುಹಬ್ಬದ ಉಡುಗೊರೆ!

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಉತ್ತರ ಕನ್ನಡಿಗರ ನಾಲಿಗೆಯ ಮೇಲೆಯೇ ಇದೆ. ‘ಥೆಮಿಸ್’ ಎಂದರೆ ಇಟ್ಟದ್ದು, ನೆಲೆಗೊಳಿಸಿದ್ದು. ಅದರ ಮೂಲ ಧಾತುವೂ ಸಂಸ್ಕೃತದ ‘ಧಾ’ ಧಾತುವೂ ಒಂದೇ. ಆ ‘ಧಾ’ದಿಂದಲೇ ನಮ್ಮ ‘ವಿಧಿ’ ಬಂದದ್ದು. ಸಂವಿಧಾನದ ವಿಧಿ ಎಂದೂ ಹೇಳುತ್ತೇವೆ, ‘ವಿಧಿಬರಹ ತಪ್ಪೀತೆ’ ಎಂದೂ ನಿಟ್ಟುಸಿರು ಬಿಡುತ್ತೇವೆ. ಕಟ್ಟಳೆಗೂ ಹಣೆಬರಹಕ್ಕೂ ನಮಗೆ ಒಂದೇ ಮಾತು. ಗ್ರೀಕರಿಗೂ ಹಾಗೆಯೇ: ನ್ಯಾಯ ಹೇಳುವುದಕ್ಕೂ ಕಣಿ ಹೇಳುವುದಕ್ಕೂ ಥೆಮಿಸ್‌ನಿಂದ ಹುಟ್ಟಿದ ಒಂದೇ ಕ್ರಿಯಾಪದವಿತ್ತು.

ಅವಳ ಮಾತಿಗೆ ದೇವತೆಗಳೂ ತಲೆಬಾಗಬೇಕಿತ್ತು. ಪಿಂಡಾರ್ ಕವಿ ಹೇಳುವಂತೆ, ಕಡಲಕನ್ಯೆ ಥೆಟಿಸಳಿಗಾಗಿ ಝ್ಯೂಸನೂ ಪೊಸೈಡಾನನೂ ಪೈಪೋಟಿಗೆ ಬಿದ್ದಿದ್ದರು. ಅವಳಿಗೆ ತಂದೆಯನ್ನು ಮೀರಿಸುವ ಮಗ ಹುಟ್ಟುತ್ತಾನೆಂದು ಥೆಮಿಸ್ ನುಡಿದಳು. ಇಬ್ಬರೂ ಹಿಂದೆ ಸರಿದರು. ಥೆಟಿಸ್ ಮನುಷ್ಯನಾದ ಪೀಲಿಯಸನ ಕೈಹಿಡಿದಳು; ಹುಟ್ಟಿದವನು ಟ್ರಾಯ್ ಯುದ್ಧದ ಮಹಾವೀರ ಅಕಿಲೀಸ್.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿಯ ಜೊತೆ ಬರ್ಲಿನ್ನಿನ ಬಟ್ಟಲಿನ ಚಿತ್ರವನ್ನೇ ಅಚ್ಚು ಹಾಕುತ್ತೇವೆ.

– ಸಂ.