ಮಗನ ವರ್ತನೆ ಹಟವೇ?

ಪ್ರಶ್ನೆ: ಪತಿ ನನ್ನ ಮೇಲೆ ಕೈಮಾಡುವುದನ್ನು ಕಂಡಿರುವ ನಾಲ್ಕು ವರ್ಷದ ಮಗ ಮತ್ತೆ ಹಾಸಿಗೆ ಒದ್ದೆ ಮಾಡುತ್ತಾನೆ, ಶಿಶುವಿಹಾರದಲ್ಲಿ ಇತರರನ್ನು ಹೊಡೆಯುತ್ತಾನೆ. ಇದು ಹಟವೇ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಬಹುಮಟ್ಟಿಗೆ ಇದು ಭಯ. ಸದಾ ಅಪಾಯವನ್ನು ನಿರೀಕ್ಷಿಸುವ ಮಗುವಿನ ದೇಹ ಎಚ್ಚರದ ಸ್ಥಿತಿಯಲ್ಲೇ ಉಳಿಯುವುದರಿಂದ ನಿದ್ರೆ ಕೆಡುತ್ತದೆ, ಕಲಿತ ಅಭ್ಯಾಸಗಳು ಹಿಂದೆ ಸರಿಯುತ್ತವೆ. ಕೆಲವು ಮಕ್ಕಳು ಕಂಡದ್ದನ್ನೇ ಅನುಕರಿಸಿದರೆ, ಇನ್ನು ಕೆಲವರು ತಾಯಿಯ ಸೆರಗು ಬಿಡದೆ ಮೌನವಾಗುತ್ತಾರೆ (ಆ ಮೌನವನ್ನು ನಾವು ಒಳ್ಳೆಯ ನಡತೆಯೆಂದು ಹೊಗಳುವುದೂ ಉಂಟು). ಗದರಿಸದೆ, ‘ಜಗಳ ನಿನ್ನಿಂದಾದದ್ದಲ್ಲ’ ಎಂದು ಪದೇ ಪದೇ ಹೇಳಿ. ಮೂತ್ರದ ಸೋಂಕಿದೆಯೇ ಎಂದು ಪರೀಕ್ಷಿಸಿ, ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಿಭಾಗಕ್ಕೂ ತೋರಿಸಿ. ಆದರೆ ಮನೆಯಲ್ಲಿ ಹೊಡೆತ ನಿಲ್ಲದೆ ಯಾವ ಆಪ್ತಸಲಹೆಯೂ ಪೂರ್ಣವಾಗಿ ಫಲಿಸದು. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ನ್ಯಾಯಾಲಯದಿಂದ ರಕ್ಷಣಾ ಆದೇಶ ಕೋರಬಹುದು.